ಹನ್ನೆರಡು ನಂಬರಿನ ಪಂಕಾ

ವಕೀಲರ ದೋಣಿಯ ಇಂಜಿನ್ನು ನನ್ನ ತಮ್ಮನ ಕೈಯಲ್ಲಿ ಕೆಟ್ಟಿತು ಎಂದು ಅಕ್ಕಲಕೋಟದಲ್ಲಿ ಬಹಳ ದಿನ ಮಾತಾಡಿದರು. ಅದು ಕೆಟ್ಟದ್ದು ನನ್ನಿಂದ. ನಾನು ಹನ್ನೂರಿನ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಬರೆಯುವ ರೂಢಿ ಇಲ್ಲದ್ದರಿಂದ ಇಷ್ಟು ತಡವಾಯಿತು ಎಂದು ಹೇಳಬಹುದಿತ್ತು. ಆದರೆ ಈ ವಿಷಯದಲ್ಲಿ ಇನ್ನೊಂದು ಸುಳ್ಳು ಸೇರಿಸುವುದು ಬೇಡ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮದುವೆಯಾಗಿ ಸೋಲಾಪುರಕ್ಕೆ ಬಂದಿದ್ದೆ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಚಾದರ ನೇಯುವ ಕಾರ್ಖಾನೆಯೊಂದರಲ್ಲಿ ನಮ್ಮವರು ಮಗ್ಗ ನಡೆಸುತ್ತಿದ್ದರು, ನಾನು ಕಾಂಡಿ ತುಂಬುತ್ತಿದ್ದೆ. ಲಾಳಿಯೊಳಗೆ ಕೂರಿಸುವ ಕಡ್ಡಿಗೆ ನೂಲು ಸುತ್ತುವ ಕೆಲಸ ಅದು. ಬೆಳಿಗ್ಗೆಯಿಂದ ಸಂಜೆಯವರೆಗೆ ನೂಲಿನ ನಂಬರು ನೋಡುವುದು, ಸುತ್ತುವುದು. ಹತ್ತು ನಂಬರಿನ ನೂಲು ದಪ್ಪ. ಇಪ್ಪತ್ತು ಅದಕ್ಕಿಂತ ತೆಳು. ನಲವತ್ತು ಬೆರಳಿಗೆ ಹತ್ತಿದ್ದೇ ತಿಳಿಯದಷ್ಟು ತೆಳು. ನಂಬರು ಏರಿದಷ್ಟೂ ಮಾಲು ಸಣ್ಣ. ನಮ್ಮ ಚಾಳಿನ ಸಣ್ಣ ಮಕ್ಕಳಿಗೂ ಗೊತ್ತಿದ್ದ ಮಾತು. ನಂಬರು ಎನ್ನುವುದು ಎಲ್ಲ ಕಡೆಗೂ ಹೀಗೇ ಇರುತ್ತದೆ ಎಂದು ನಾನು ತಿಳಿದಿದ್ದೆ.

ತಮ್ಮ ನನಗಿಂತ ನಾಲ್ಕು ವರ್ಷ ಚಿಕ್ಕವನು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಕರೆದುಕೊಂಡು ಹನ್ನೂರಿನಿಂದ ಅಕ್ಕಲಕೋಟಕ್ಕೆ ಬಂದು, ಅಲ್ಲಿ ನೀರೆತ್ತುವ ಇಂಜಿನ್ನುಗಳನ್ನು ರಿಪೇರಿ ಮಾಡುವ ಒಬ್ಬ ಮಿಸ್ತ್ರಿಯ ಕೈಕೆಳಗೆ ಸೇರಿದ್ದ. ಓದು ನನ್ನಷ್ಟೂ ಇಲ್ಲ. ಆದರೆ ಓಡುವ ಇಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಒಳಗೆ ಯಾವುದು ಸವೆದಿದೆ ಎಂದು ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಸವೆದಿರುತ್ತಿತ್ತು. ಮಿಸ್ತ್ರಿಗೆ ಅದರಿಂದ ಹೆಮ್ಮೆ, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಅಕ್ಕಲಕೋಟದಲ್ಲಿ ವಕೀಲಿ ಬಿಟ್ಟು ಮನೆಯಲ್ಲಿ ಕುಳಿತಿದ್ದ ಒಬ್ಬ ಹಿರಿಯರಿದ್ದರು. ಊರಿಂದ ಸ್ವಲ್ಪ ದೂರದಲ್ಲಿ ಸರಕಾರದವರು ಬೋರಿ ಹೊಳೆಗೆ ಕಟ್ಟೆ ಕಟ್ಟಿದ್ದರು. ಬರ ಹೋಗಿ ಎರಡು ಮಳೆಗಾಲ ಕಳೆದಿದ್ದವು, ನೀರು ಚೆನ್ನಾಗಿ ನಿಂತಿತ್ತು. ವಕೀಲರು ಮುಂಬಯಿಯಲ್ಲಿ ಪರಿಚಯದವರಿಂದ ಒಂದು ಹಳೆಯ ಮೋಟಾರು ದೋಣಿ ಕೊಂಡು ಲಾರಿಯ ಮೇಲೆ ತರಿಸಿದರು. ಕಟ್ಟಿಗೆಯ ದೋಣಿ, ಹಿಂಬದಿಗೆ ನೇತುಹಾಕುವ ಪೆಟ್ರೋಲ್ ಇಂಜಿನ್ನು. ಊರವರೆಲ್ಲ ನೋಡಲು ಹೋದರು. ಅದನ್ನು ನಡೆಸುವ ಹಾಗೆ ಮಾಡಲು ವಕೀಲರು ನನ್ನ ತಮ್ಮನನ್ನು ಕರೆಸಿದರು. ಗಣಪತಿ ಹಬ್ಬಕ್ಕೆ ಪುಣೆಯಿಂದ ಅವರ ಮಗಳು, ಅಳಿಯ, ಮೊಮ್ಮಕ್ಕಳು ಬರುವವರಿದ್ದರು. ಅವರನ್ನೆಲ್ಲ ಕೂರಿಸಿಕೊಂಡು ಆ ದಂಡೆಯಿಂದ ಈ ದಂಡೆಗೆ ತಿರುಗಿಸಬೇಕು, ಅಷ್ಟೇ ಆಸೆ. ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಖಾಲಿ ಅಂಗಡಿ ಇತ್ತು.

"ದೋಣಿ ಬರೋಬರ್ ಓಡಿಸಿ ತೋರ್ಸಪಾ. ಆ ಅಂಗಡಿ ನಿನಗ. ನಿಂದಽ ಸ್ವಂತ ವರ್ಕ್‌ಶಾಪ್ ತೆಗಿ. ನನ್ನ ಮೂರೂ ಹೊಲದ ಇಂಜಿನ್ ನಿನ್ನ ಕಡೇನೇ" ಎಂದಿದ್ದರು.

ಅವ್ವ ಆ ಅಂಗಡಿಯ ಮುಂದೆ ಹೋಗಿ ನಿಂತು ಬಾಗಿಲು ನೋಡಿ ಬಂದಿದ್ದಳು.

ನಾನು ಪಂಚಮಿಗೆಂದು ತವರಿಗೆ ಬಂದಿದ್ದೆ. ಹಬ್ಬದ ಮರುದಿನ ತಮ್ಮ ನನ್ನನ್ನು ನೀರಿನ ಹತ್ತಿರ ಕರೆದುಕೊಂಡು ಹೋದ. ಅವನೊಬ್ಬನೇ ಕುಳಿತು ಓಡಿಸಿದಾಗ ದೋಣಿ ಮೂಗು ಎತ್ತಿಕೊಂಡು ಹೋಯಿತು. ವಕೀಲರೂ ಇನ್ನು ನಾಲ್ವರೂ ಹತ್ತಿದರು ನೋಡಿ, ಇಂಜಿನ್ನಿನ ದನಿ ಕುಗ್ಗಿತು, ಹಿಂದೆ ನೀಲಿ ಹೊಗೆ, ದೋಣಿ ಎಮ್ಮೆಯ ಹಾಗೆ ನೀರಲ್ಲಿ ತೆವಳಿತು. ಮರಳಿ ಬರುವಾಗ ನೀರಿನೊಳಗೆ ಮುಳುಗಿದ್ದ ಯಾರದೋ ಹಳೆಯ ಹೊಲದ ಒಡ್ಡಿಗೆ ಪಂಕಾ ಬಡಿಯಿತು. ಪಂಕಾ ಎಂದರೆ ನೀರಿನೊಳಗೆ ತಿರುಗಿ ದೋಣಿಯನ್ನು ನೂಕುವ ಮೂರು ಎಲೆಯ ಹಿತ್ತಾಳೆಯ ಚಕ್ರ. ಒಂದು ಎಲೆ ಮುರಿದು, ಎರಡು ಮಡಚಿಕೊಂಡವು. ಅದರ ಮೇಲಿನ ನಂಬರು ಮೊದಲೇ ಸವೆದು ಹೋಗಿತ್ತು.

ನಾನು ಅಯ್ಯೋ ಅಂದೆ. ತಮ್ಮ ನಕ್ಕ.

"ಹೋಗ್ಲಿ ಬಿಡಕ್ಕಾ, ಛಲೋನ ಆತು. ಹೆಂಗೂ ಇದನ್ನ ಬದ್ಲಿ ಮಾಡೂದಿತ್ತು."

"ಯಾಕ? ಇದಕ್ಕೇನಾಗಿತ್ತು?"

ಅವನು ಕಿಸೆಯಿಂದ ಒಂದು ಬೋಲ್ಟು, ಒಂದು ನಟ್ಟು ತೆಗೆದ. ನಟ್ಟಿನೊಳಗೆ ಬೋಲ್ಟನ್ನು ಒಂದು ಸುತ್ತು ತಿರುಗಿಸಿದ.

"ಒಂದ ಸುತ್ತಿಗೆ ಎಷ್ಟ ಮುಂದ ಹೋತು ನೋಡಿದೇನ? ಪಂಕಾನೂ ಹಂಗಽ. ನೀರಂದ್ರ ನಟ್ಟು ಅನಕೋ. ಒಂದ ಸುತ್ತಿಗೆ ಎಷ್ಟ ಮುಂದ ದೂಡ್ತದ, ಅದಕ್ಕ ಪಿಚ್ ಅಂತಾರ, ನಾವು ಆಟಿ ಅಂತೀವಿ. ದೊಡ್ಡ ಆಟಿ ಇದ್ರ ಒಮ್ಮಿಗೇ ದೂರ ದೂಡ್ತದ, ಖರೆ ಇಂಜಿನ್ನಿಗೆ ಭಾರ. ಸಣ್ಣ ಆಟಿ ಇದ್ರ ಸ್ವಲ್ಪ ಸ್ವಲ್ಪಽ ದೂಡ್ತದ, ಇಂಜಿನ್ ಹಗೂರ ಓಡ್ತದ."

"ಹಂಗಾರ ಇದು ದೊಡ್ಡ ಆಟಿದು."

"ದೋಣಿ ಹೊಸಾದಿದ್ದಾಗ ನಡೀತಿತ್ತು. ಈಗ ಕಟಗಿ ನೀರ ಕುಡದು ಜಡ ಆಗ್ಯಾದ. ಇಂಜಿನ್ ಮುದುಕ ಆಗ್ಯಾದ. ಮ್ಯಾಲ ವಕೀಲ್ ಸಾಹೇಬ್ರ ಹೊಟ್ಟಿ ಬ್ಯಾರೆ." ವಕೀಲರು ದೂರದಲ್ಲಿದ್ದರು. "ಮುದುಕನ ಕಡಿಂದ ಘಾಟ ಹತ್ತಿಸಬೇಕಂದ್ರ ಸಣ್ಣ ಸಣ್ಣ ಹೆಜ್ಜಿ ಹಾಕಸಬೇಕು. ಫುಲ್ ಕೊಟ್ಟಾಗ ಇಂಜಿನ್ ಬಾಯಿ ಬಿಚ್ಚಿ ಒದರಬೇಕು. ಈಗ ಬಾಯಾಗ ಅರಬಿ ತುರುಕಿದಂಗ ಅದ."

ಪಂಪುಗಳ ಹಂಗಾಮು, ಮಿಸ್ತ್ರಿ ಅವನಿಗೆ ರಜೆ ಕೊಡುವ ಹಾಗಿರಲಿಲ್ಲ. ಸೋಲಾಪುರದಲ್ಲಿ ಮುಂಬಯಿಯ ಹಡಗಿನ ಸಾಮಾನು ತಂದು ಮಾರುವ ಭಂಗಾರದ ಅಂಗಡಿ, ಎಂದರೆ ಗುಜರಿ ಅಂಗಡಿ, ಇತ್ತು. ವಕೀಲರು ಅಂಗಡಿಗೆ ಚೀಟಿ ಬರೆದುಕೊಟ್ಟರು. ಶಾಫ್ಟಿನ ತೂತು ಹೊಂದಿಸಿ ನೋಡಲು ಮುರಿದ ಪಂಕಾ ನನ್ನ ಚೀಲಕ್ಕೆ ಬಂತು. ಬಸ್ಸಿಗೆ ಹತ್ತಿಸುವಾಗ ತಮ್ಮ ಮತ್ತೆ ಮತ್ತೆ ಹೇಳಿದ:

"ಸಣ್ಣ ಆಟಿಂದು ತಾ. ತಿಳೀಲಿಲ್ಲಂದ್ರ ಅಂಗಡಿಯಂವನ್ನ ಕೇಳು. ನಾಚಬ್ಯಾಡ ಮತ್ತ."

"ನಾಕನೇತ್ತೆ ಕಲತೀನಿ, ನಿನ್ನಂಗ ಹೆಬ್ಬಟ್ಟಲ್ಲ" ಎಂದೆ. ಅವನಿಗೆ ನನ್ನ ನಾಲ್ಕು ಇಯತ್ತೆಯ ಮೇಲೆ ಬಹಳ ಭರವಸೆ. ಚಿಕ್ಕಂದಿನಿಂದಲೂ ಕಾಗದ, ಚೀಟಿ, ಡಬ್ಬಿಯ ಮೇಲಿನ ಅಕ್ಷರ ಎಲ್ಲವನ್ನೂ ನನ್ನ ಕೈಗೇ ಕೊಡುತ್ತಿದ್ದ. ನಾನು ಓದಿದ್ದೇ ಅವನಿಗೆ ಖರೆ.

ಅಂಗಡಿಯಲ್ಲಿ ಗಂಡಸರು ತುಂಬಿದ್ದರು. ಮಗ್ಗದ ಹಳೆಯ ಭಾಗ ಹುಡುಕಲು ಬಂದ ಜಾಬರುಗಳು, ಮಗ್ಗ ರಿಪೇರಿ ಮಾಡುವವರು. ನಾನು ಚೀಲದಿಂದ ಪಂಕಾ ತೆಗೆದು ಇಟ್ಟ ಕೂಡಲೇ ಒಬ್ಬ ಇನ್ನೊಬ್ಬನಿಗೆ ಹೇಳಿದ:

"ಈ ಅಕ್ಕಾಬಾಯಿ ಜಹಾಜ್ ಬಿಡಾಕ ಹೊಂಟಾಳ ನೋಡೋ. ಸಿದ್ಧೇಶ್ವರ ತಲಾವದಾಗೇನ್ರಿ?"

"ನಿನ್ನೂ ಕರಕೊಂಡ ಹೋಗ್ತೀನಿ ಬಾ, ನಡುವ ಇಳಸ್ತೀನಿ" ಎಂದೆ. ಎಲ್ಲರೂ ನಕ್ಕರು. ಬಾಯಿ ಜೋರಿತ್ತು, ಆದರೆ ಕಿವಿ ಕೆಂಪಾಗಿದ್ದವು.

ಅಂಗಡಿಯವನು ವಯಸ್ಸಾದವನು. ತೂತು ಹೊಂದಿಸಿ ಹೊಂದಿಸಿ ಎರಡು ಪಂಕಾ ತಂದಿಟ್ಟ. ಎರಡೂ ಒಂದೇ ಅಗಲ, ಕಣ್ಣಿಗೆ ಒಂದೇ ಥರ. ಒಂದರ ಮೇಲೆ ಹತ್ತು, ಒಂಬತ್ತು ಎಂದು ಕೊರೆದಿತ್ತು. ಇನ್ನೊಂದರ ಮೇಲೆ ಹತ್ತು, ಹನ್ನೆರಡು. ಹತ್ತು ಅಗಲದ ಲೆಕ್ಕ ಎಂದು ನನಗೂ ತಿಳಿಯಿತು. ಹಾಗಾದರೆ ಎರಡನೆಯದು ಆಟೆಯ ನಂಬರು.

"ಕುಠಲಾ ಪಾಹಿಜೆ? ಯಾವದ ಬೇಕ್ರಿ?"

"ಸಣ್ಣ ಆಟಿಂದು."

"ಎಷ್ಟ ಮಂದಿ ಕೂಡ್ತಾರಿ ದೋಣ್ಯಾಗ? ಇಂಜಿನ್ ಎಷ್ಟ ಹಳೇದದ? ಯಾಕಂದ್ರ ನೋಡ್ರಿ, ಹಳೇ ದೋಣಿಗೆ—"

ಚೇಷ್ಟೆ ಮಾಡಿದ ಜಾಬರು ಇನ್ನೂ ನನ್ನನ್ನೇ ನೋಡುತ್ತಿದ್ದ. ಇವನ ಮುಂದೆ ನಂಬರಿನ ಪಾಠ ಕೇಳಿಸಿಕೊಳ್ಳುವುದೇ?

"ನನಗ ಗೊತ್ತದರಿ. ಹನ್ನೆರಡರದು ಕೊಡ್ರಿ" ಎಂದೆ.

ಅಂಗಡಿಯವನು ಒಂದು ಕ್ಷಣ ನನ್ನ ಮುಖ ನೋಡಿ ಕಾಗದ ಸುತ್ತಿಕೊಟ್ಟ.

ಮುಂದಿನ ಸೂಟಿಯ ದಿನ ಅಕ್ಕಲಕೋಟಕ್ಕೆ ಒಯ್ದೆ. ತಮ್ಮ ಪಂಕಾವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅಂಕಿ ಅವನಿಗೂ ಬರುತ್ತಿತ್ತು.

"ಹನ್ನೆರಡ ಅದಲ್ಲಕ್ಕಾ. ಇದಕ್ಕಿಂತ ಸಣ್ಣ ನಂಬರಿಂದು ಇರಲಿಲ್ಲೇನ?"

"ಒಂಬತ್ತರದು ಇತ್ತು. ನಂಬರ ದೊಡ್ಡದಾದಂಗ ಆಟಿ ಸಣ್ಣ ಆಗ್ತದೋ, ನೂಲಿನಂಗ."

"ಹಂಗಂತೀ?" ಅವನು ತಲೆ ಕೆರೆದುಕೊಂಡ. "ಅಂಗಡಿಯಂವ ಏನಂದ?"

ಇಲ್ಲಿ ನಾನು "ಕೇಳಲಿಲ್ಲ" ಎನ್ನಬೇಕಿತ್ತು. ಒಂದೇ ಮಾತು. ನಾಚಬೇಡ ಎಂದು ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದ್ದ, ನಾನು ನಾಚಿ ಬಂದಿದ್ದೆ.

"ಅಂಗಡಿಯಂವನೂ ಹಂಗಽ ಅಂದ. ಇದಽ ಸಣ್ಣಂದು ಅಂತ."

"ಹಂಗಾರ ಆತು ಬಿಡು" ಎಂದು ಕೂಡಲೇ ಹಾಕಲು ಕುಳಿತ. ಇಂಜಿನ್ನಿನ ವಿಷಯದಲ್ಲಿ ಯಾರ ಮಾತನ್ನೂ ಕೇಳದವನು ನನ್ನ ಮಾತು ಕೇಳಿದ.

ಅವತ್ತೇ ನೀರಿಗಿಳಿಸಿದ. ಒಬ್ಬನೇ ಇದ್ದಾಗಲೇ ದನಿ ಮಂಕಾಗಿತ್ತು. ದಂಡೆಗೆ ಬಂದು ಇಂಜಿನ್ನಿನ ಮೇಲೆ ಕೈಯಿಟ್ಟು, ಸುಟ್ಟಂತಾಗಿ ಥಟ್ಟನೆ ತೆಗೆದ. "ಪಂಕಾ ಬರೋಬರ್ ಅದ ಅಂದ್ಮ್ಯಾಲ ಇಂಜಿನ್ನಿನದಽ ಏನೋ ಅದ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ನಾನು ಸಂಜೆಯ ಬಸ್ಸಿಗೆ ಹೊರಟೆ.

ಮೂರು ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಹೋಗುವ ದಾರಿಯಲ್ಲಿ ಭಂಗಾರದ ಅಂಗಡಿಯವನು ಕರೆದ.

"ಏನ್ರಿ ಬಾಯಿ, ಏಳ್ತದೇನು ದೋಣಿ? ಹನ್ನೆರಡು ಒಯ್ದೀರಿ, ಹೊಸಾ ಇಂಜಿನ್ ಇರಬೇಕು."

"ಹಳೇದರಿ" ಎಂದೆ.

"ಹಳೇದಕ್ಕ ಹನ್ನೆರಡ್ಯಾಕ ಒಯ್ದ್ರಿ ಮತ್ತ? ಒಂದ ಸುತ್ತಿಗೆ ಹನ್ನೆರಡ ಇಂಚ್ ದೂಡ್ತದ ಅದು. ಹಳೇ ಇಂಜಿನ್ ಜೀವ ತಗೀತದ. ಒಂಬತ್ತು ಇನ್ನೂ ಇಲ್ಲೇ ಅದ, ಹನ್ನೆರಡರದು ತಂದ ಕೊಟ್ಟು ಇದನ್ನ ಒಯ್ರಿ."

ಇಂಚು. ಅದು ಇಂಚಿನ ಅಳತೆಯಾಗಿತ್ತು, ನೂಲಿನ ನಂಬರಲ್ಲ. "ಒಯ್ತೀನ್ರಿ" ಎಂದು ಹೇಳಿ ಕಾರ್ಖಾನೆಗೆ ನಡೆದೆ.

ಗಣಪತಿಯ ಭಾನುವಾರಕ್ಕೆ ಇನ್ನೂ ಹನ್ನೊಂದು ದಿನಗಳಿದ್ದವು. ಅವತ್ತೇ ಬಸ್ಸು ಹತ್ತಿದ್ದರೆ ಒಂದು ತಾಸಿನಲ್ಲಿ ಅಕ್ಕಲಕೋಟ. ಹೋಗಲಿಲ್ಲ. ಪಂಕಾ ಬದಲಿಸಬೇಕು ಎನ್ನುವುದು ಕಷ್ಟದ ಮಾತಲ್ಲ. ಅಂಗಡಿಯವನು ಹೇಳಿದ್ದಾನೆ ಎಂದಿದ್ದೆನಲ್ಲ, ಅದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಅಂಗಡಿಯವನೇ ತಪ್ಪು ಹೇಳಿದ್ದ ಎಂದರೆ ತಮ್ಮ ಒಂದು ದಿನ ಸೋಲಾಪುರಕ್ಕೆ ಬಂದು ಅವನನ್ನು ಕೇಳಿಯೇ ಕೇಳುತ್ತಾನೆ. ಕಾಂಡಿ ತಿರುಗುತ್ತಲೇ ಇತ್ತು, ನಾನು ದಿನಕ್ಕೊಂದು ಮಾತು ಹುಟ್ಟಿಸಿ ಅಳಿಸುತ್ತಿದ್ದೆ.

ನಡುವಿನ ಸೂಟಿಗೆ ಹೋದೆ, ಹೇಳಿಯೇಬಿಡಬೇಕು ಎಂದೇ ಹೋದೆ. ಮನೆಯ ಅಂಗಳದಲ್ಲಿ ಗೋಣಿತಟ್ಟು ಹಾಸಿ ಅರ್ಧ ಇಂಜಿನ್ನು ಹರವಿದ್ದ. ಸಣ್ಣ ಭಾಗಗಳನ್ನು ಅವ್ವನ ಪರಾತದಲ್ಲಿ ಪೆಟ್ರೋಲು ಹಾಕಿ ತೊಳೆಯುತ್ತಿದ್ದ. ಎರಡನೆಯ ಸಲ ಬಿಚ್ಚಿದ್ದನಂತೆ. ಮಿಸ್ತ್ರಿ ಬಂದು ನೋಡಿ, "ಬಾವಿ ಇಂಜಿನ್ ರಿಪೇರಿ ಮಾಡಾವ ಸಮುದ್ರಕ್ಕ ಇಳದಾನ" ಎಂದು ಹಂಗಿಸಿ ಹೋಗಿದ್ದನಂತೆ.

"ಪರಾತ ಹಾಳ ಮಾಡಿದಿ. ರೊಟ್ಟಿ ಹಿಟ್ಟು ಎದರಾಗ ನಾದ್ಲಿ?" ಎಂದು ಅವ್ವ ಬೈಯುತ್ತಿದ್ದಳು. ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಅಕ್ಕಾ" ಎಂದ, ತಲೆ ಎತ್ತದೆ. "ನನ್ನ ಕಿವಿ ಹೋದವೇನ ನೋಡು. ಎಲ್ಲಾ ಛಲೋ ಅದ ಇದರಾಗ. ಒಂದೂ ಸವದಿಲ್ಲ. ಖರೆ ಭಾರ ಹಾಕಿದ ಕೂಡಲೇ ಸಾಯ್ತದ. ಎಲ್ಲಿ ತಪ್ಪದ ಅಂತ ನನಗ ಕೇಳಸವಲ್ದು."

ನಾನು ಬಾಯಿ ತೆರೆದೆ. ಅವ್ವ ಒಳಗಿನಿಂದ, "ಅವಗ ನೀನರ ಸಮಾಧಾನ ಹೇಳವ್ವಾ, ಎರಡ ದಿನ ಆತು ಸರಿಯಾಗಿ ಉಂಡಿಲ್ಲ" ಎಂದಳು.

"ಆಗ್ತದ ಬಿಡು. ನೀ ಮಾಡ್ತಿ" ಎಂದು ಸಮಾಧಾನ ಹೇಳಿದೆ. ಅಷ್ಟು ಹೇಳಿ, ಎಮ್ಮೆಗೆ ನೀರು ಕುಡಿಸುವ ನೆಪ ಮಾಡಿ ಎದ್ದುಹೋದೆ.

ಸೋಲಾಪುರಕ್ಕೆ ಮರಳಿದ ಮೇಲೆ ಒಂದು ಉಪಾಯ ಹೊಳೆಯಿತು. ಒಂಬತ್ತರ ಪಂಕಾವನ್ನು ನಾನೇ ತಂದು, ವಕೀಲರು ಇನ್ನೊಂದನ್ನು ತರಿಸಿದ್ದಾರೆ, ಹಾಕಿ ನೋಡು ಎಂದರಾಯಿತು. ಸುಳ್ಳನ್ನು ಸುಳ್ಳಿನಿಂದಲೇ ತೊಳೆಯುವ ಉಪಾಯ. ಅದಕ್ಕೂ ಮನಸ್ಸು ಗಟ್ಟಿಯಾಗಲು ಶನಿವಾರದವರೆಗೆ ಕಾದೆ. ಶನಿವಾರ ಮಧ್ಯಾಹ್ನ ಪಾಳಿ ಮುಗಿದದ್ದೇ ಓಡಿದೆ.

"ಅದಾ? ನಿನ್ನೆ ಎರಕದವರು ಬಂದಿದ್ರು ಬಾಯಿ. ಹಿತ್ತಾಳಿ ಮಾಲ ಎಲ್ಲಾ ಒಟ್ಟಿಗೇ ಒಯ್ದ್ರು. ನೀವ ಬರ್ತೀನಂದ್ರಿ, ಬರಲಿಲ್ಲ."

ಎಲ್ಲಿಯ ಎರಕದವರು ಎಂದು ಕೇಳಿಕೊಂಡು ಅಲ್ಲಿಗೂ ಹೋದೆ. ಬಾಗಿಲಲ್ಲಿ ನಿಂತ ಹೆಂಗಸು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಮಾಲು ಮೂಸೆಗೆ ಬಿದ್ದಾಯಿತು ಎಂದಳು. ಒಳಗೆ ಒಲೆ ಉರಿಯುತ್ತಿತ್ತು.

ಭಾನುವಾರ ನಾನೂ ದಂಡೆಯ ಮೇಲೆ ನಿಂತಿದ್ದೆ. ಬರದೆ ಇರಲು ಆಗಲಿಲ್ಲ, ಬಂದು ಮಾಡುವುದೂ ಏನೂ ಇರಲಿಲ್ಲ. ವಕೀಲರ ಮಗಳು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಒಟ್ಟು ಏಳು ಮಂದಿ ಹತ್ತಿದರು. ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಹಗ್ಗ ಜಗ್ಗಿದ ಕೂಡಲೇ ಇಂಜಿನ್ನು ಹತ್ತಿಕೊಂಡಿತು, ಅವನು ನನ್ನ ಕಡೆ ನೋಡಿ ನಕ್ಕ ಕೂಡ. ನೂರು ಮಾರು ಹೋಗುವಷ್ಟರಲ್ಲಿ ಅದೇ ದನಿ, ಬಟ್ಟೆ ತುರುಕಿದ ದನಿ. ಅವನು ಫುಲ್ ಕೊಟ್ಟ. ದೋಣಿ ಏಳಲಿಲ್ಲ, ಹೊಗೆ ಎದ್ದಿತು. ಸಾವಕಾಶ ಹೋದರೂ ಸಾಕು ಎಂದು ವಕೀಲರು ಕೈ ಮಾಡುತ್ತಿದ್ದರು. ನೀರಿನ ನಡುವೆ ಒಮ್ಮೆಲೆ ಕಿರ್ರ್ ಎಂದು ಸದ್ದಾಗಿ ನಿಂತಿತು. ಅವನು ಹಗ್ಗ ಜಗ್ಗಿದ. ಹಗ್ಗ ಅಲ್ಲಾಡಲಿಲ್ಲ. ಒಳಗೆ ಪಿಸ್ಟನ್ನು ಕಾದು ಹಿಡಿದುಕೊಂಡಿತ್ತು. ಆದರೂ ಜಗ್ಗುತ್ತಲೇ ಇದ್ದ. ಅಷ್ಟು ದೂರದಿಂದ ಅವನ ಬೆನ್ನು ಬಾಗುವುದು, ಏಳುವುದು, ಬಾಗುವುದು ಕಾಣುತ್ತಿತ್ತು. ಸಾಕು ಬಿಡೋ ಎಂದು ಕೂಗಿದೆ. ಅವನಿಗೆ ಕೇಳಿಸುವ ದೂರ ಅದಾಗಿರಲಿಲ್ಲ.

ಮೀನು ಹಿಡಿಯುವವರು ತೆಪ್ಪಕ್ಕೆ ಹಗ್ಗ ಕಟ್ಟಿ ಎಳೆದು ತಂದರು. ವಕೀಲರು ಕೆಟ್ಟವರಲ್ಲ, ಬೈಯಲಿಲ್ಲ. "ನಿನ್ನ ಕೈಲೆ ಆಗಲಿಲ್ಲ ಬಿಡಪಾ. ಬಾವಿ ಇಂಜಿನ್ ಬ್ಯಾರೆ, ಇದು ಬ್ಯಾರೆ" ಎಂದರು. ಅಳಿಯ ಮರಾಠಿಯಲ್ಲಿ, ಪುಣೆಯಲ್ಲಿ ಒಳ್ಳೆಯ ಮೆಕ್ಯಾನಿಕ್ ಇದ್ದಾರೆ ಎಂದ. ತಮ್ಮ ಒದ್ದೆ ಪ್ಯಾಂಟಿನಲ್ಲಿ ನಿಂತು ಎರಡೂ ಮಾತಿಗೆ "ಹೌದ್ರಿ" ಎಂದ.

ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿ ಸೈಕಲ್ ಬಾಡಿಗೆಯವನಿಗೆ ಹೋಯಿತು. ದೋಣಿಯನ್ನು ವಕೀಲರು ಮಾರಿದರು. ಮಿಸ್ತ್ರಿಯ ಹಂಗಿಸುವ ಮಾತು ಮುಗಿಯಲಿಲ್ಲ, ಗಿರಾಕಿಗಳೂ ಕಲಿತರು. "ಇವನ ಕೈಗೆ ಕೊಡಬ್ಯಾಡ್ರಿ, ಮುಳಗಸ್ತಾನ." ದೀಪಾವಳಿಯ ಹೊತ್ತಿಗೆ ತಮ್ಮ ಕೆಲಸ ಬಿಟ್ಟು ಅವ್ವನೊಂದಿಗೆ ಹನ್ನೂರಿಗೆ ಮರಳಿದ. ಸೋದರಮಾವನ ಕುರಿ ಹಿಂಡಿನ ಹಿಂದೆ ಹೋಗತೊಡಗಿದ. ಅದು ನಮ್ಮ ಮಂದಿಯ ಕೆಲಸವೇ, ಅದರಲ್ಲಿ ಕಡಿಮೆ ಏನೂ ಇಲ್ಲ. ಆದರೆ ಅವನಿಗೆ ಬೇಕಾಗಿದ್ದ ಕೆಲಸ ಅದಲ್ಲ.

ಎರಡು ವರ್ಷ ನಾನು ಸುಮ್ಮನಿದ್ದೆ. ಕೂಸು ಹುಟ್ಟಿತು, ಪಾಳಿ ಬದಲಾಯಿತು, ಸುಮ್ಮನಿರಲು ಕಾರಣಗಳು ಸಿಗುತ್ತಲೇ ಹೋದವು. ಒಂದು ಬೇಸಿಗೆ ಹನ್ನೂರಿಗೆ ಹೋದಾಗ ಅವನಿಗೆ ಬುತ್ತಿ ಒಯ್ದಿದ್ದೆ. ಬೇವಿನ ಗಿಡದ ಕೆಳಗೆ ಕುಳಿತು ಉಣ್ಣುತ್ತಿದ್ದ. ಪಕ್ಕದ ಹೊಲದವನು ಬಂದು, "ತಮ್ಮಾ, ಇಂಜಿನ್ ಹತ್ತವಲ್ದೋ, ಒಂಚೂರು ನೋಡ ಬಾ" ಎಂದು ಕರೆದ. ಹತ್ತು ಹೆಜ್ಜೆಯ ದೂರ.

"ನನಗದು ತಿಳಿಯಂಗಿಲ್ಲ ಕಾಕಾ. ಅಕ್ಕಲಕೋಟದಿಂದ ಮಿಸ್ತ್ರೀನ ಕರಸ್ರಿ" ಎಂದ. ಅವನು ಹೋದ ಮೇಲೆ ಮತ್ತೆ ರೊಟ್ಟಿ ಮುರಿದ. ಆಗ ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಜಾಬರುಗಳು ನಕ್ಕದ್ದು, ನೂಲಿನ ನಂಬರು, ಇಂಚು, ಎರಕದ ಒಲೆ, ಎಲ್ಲ.

ಅವನು ಅಗಿಯುವುದನ್ನು ನಿಲ್ಲಿಸಿ ಕೇಳಿದ. ಆಮೇಲೆ ಬಹಳ ಮೆಲ್ಲಗೆ, ರೋಗಿಯ ಜೊತೆ ಮಾತಾಡುವ ಹಾಗೆ ಹೇಳಿದ:

"ಅಂಗಡಿಯಂವ ಹೇಳ್ಯಾನಂತ ನೀನಽ ಅಂದಿದ್ದಿ."

"ನಾನಽ ಸುಳ್ಳ ಹೇಳಿದ್ನೋ ತಮ್ಮಾ."

"ಆಗ್ಯಾಕ ಸುಳ್ಳ ಹೇಳ್ತಿ ನೀ? ನಾ ಕೆಲಸ ಬಿಟ್ಟೀನಂತ ನಿನ್ನ ಜೀವ ಮರಗ್ತದ. ಅದಕ್ಕ ಈಗ ಹೇಳಾಕತ್ತೀದಿ ಸುಳ್ಳು. ನನಗ ತಿಳೀತದಕ್ಕಾ."

"ದೇವರಾಣೆ ಮಾಡ್ತೀನಿ. ಬೀರೋಬಾನ ಆಣಿ."

"ಆಣಿ ಮಾಡಬ್ಯಾಡ" ಎಂದು ನನ್ನ ಕೈ ಹಿಡಿದುಕೊಂಡ. "ನನ್ನ ಸಲುವಾಗಿ ದೇವರ ಮುಂದ ಸುಳ್ಳ ಆಡಬ್ಯಾಡ, ಕೂಸಿನ ತಾಯಿ ಇದ್ದಿ. ನನಗ ಬರಲಿಲ್ಲ, ಮುಗೀತು. ಅದರಾಗೇನದ?"

ಅಂಗಡಿಯವನನ್ನೇ ಕೇಳಿಸುತ್ತೇನೆ, ಸೋಲಾಪುರಕ್ಕೆ ಬಾ ಎಂದೆ. ನಕ್ಕ. ಅಂಗಡಿಯವನಿಗೂ ಏನು ಹೇಳಬೇಕೆಂದು ನೀನು ಕಲಿಸಿಟ್ಟು ಬಂದಿರಬೇಕು ಎಂದ. ಉಳಿದಿದ್ದ ರೊಟ್ಟಿಯಲ್ಲಿ ಅರ್ಧ ನನ್ನ ಕಡೆ ಚಾಚಿದ. ನಾನು ಬೇಡವೆಂದರೆ ಅವನಿಗೆ ಇನ್ನಷ್ಟು ನೋವಾಗುತ್ತಿತ್ತು. ತೆಗೆದುಕೊಂಡು ತಿಂದೆ. ಪಕ್ಕದ ಹೊಲದವನು ಇಂಜಿನ್ನಿನ ಹ್ಯಾಂಡಲ್ ತಿರುಗಿಸುತ್ತಲೇ ಇದ್ದ. ಅದು ಕೆಮ್ಮುತ್ತಿತ್ತು, ಹತ್ತುತ್ತಿರಲಿಲ್ಲ. ತಮ್ಮ ಆ ಸದ್ದಿಗೆ ಬೆನ್ನು ಮಾಡಿ ಕುಳಿತಿದ್ದ. ಎಲ್ಲಿ ತಪ್ಪಿದೆ ಎಂದು ಅವನಿಗೆ ಕೇಳಿಸುತ್ತಿತ್ತು, ನನಗೆ ಗೊತ್ತು. ಎದ್ದು ಹೋಗು ಎನ್ನಲು ನನ್ನ ಬಳಿ ಅವನು ನಂಬುವ ಒಂದು ಮಾತೂ ಉಳಿದಿರಲಿಲ್ಲ.